ಮುರಿದದ್ದು ಎರಡು ಕೊಂಬೆ, ಬೋಳಿಸುವುದು ಇಡೀ ಮರವನ್ನೇ?

ಬಿರುಗಾಳಿ ನಿಂತ ಮರುದಿನ ನನಗೆ ಬರುವ ಫೋನುಗಳದು ಹೆಚ್ಚುಕಡಿಮೆ ಒಂದೇ ಮಾತು: "ಮರ ಹಾಳಾಗಿದೆ, ಬಂದು ಪೂರ್ತಿ ಬೋಳಿಸಿಬಿಡಿ." ಹೋಗಿ ನೋಡಿದರೆ ಮುರಿದಿರುವುದು ಎರಡೋ ಮೂರೋ ಕೊಂಬೆ.

ಅವಸರ ಬೇಕಾದದ್ದು ಒಂದೇ ಕಡೆ. ಮುರಿದರೂ ಬೀಳದೆ ಮೇಲೆ ಸಿಕ್ಕಿಕೊಂಡ ಕೊಂಬೆ ಯಾವ ಗಳಿಗೆಯಲ್ಲಾದರೂ ಜಾರಬಹುದು. ಅದರ ಕೆಳಗೆ ಯಾರೂ ಓಡಾಡದಂತೆ ಮೊದಲು ಹಗ್ಗ ಕಟ್ಟಿ. ವಿದ್ಯುತ್ ತಂತಿಗೆ ತಾಗಿದ್ದರೆ ಹತ್ತಿರವೂ ಸುಳಿಯಬೇಡಿ, ಲೈನ್‌ಮನ್ ಬರಲಿ. ಏಣಿಯ ಮೇಲೆ ನಿಂತು ಯಂತ್ರದ ಗರಗಸ ಹಿಡಿಯುವ ಸಾಹಸವನ್ನು ನಾನೂ ಮಾಡುವುದಿಲ್ಲ.

ನೆಲದಲ್ಲಿ ನಿಂತೇ ಕೈಗೆಟುಕುವ ಕೊಂಬೆಯಾದರೆ ನೀವೇ ತೆಗೆಯಬಹುದು. ಕೊಂಬೆ ಕಾಂಡವನ್ನು ಸೇರುವಲ್ಲಿ ಬಳೆ ತೊಡಿಸಿದಂತೆ ಒಂದು ಉಬ್ಬು ಕಾಣುತ್ತದಲ್ಲ, ಗಾಯ ಮುಚ್ಚುವ ಹೊಸ ಬೆಳವಣಿಗೆ ಹೊರಡುವುದು ಅಲ್ಲಿಂದ. ಕೊಯ್ತ ಅದರ ಹೊರ ಅಂಚಿಗೆ ಬೀಳಬೇಕು. ಅಂದವಾಗಿರಲೆಂದು ಕಾಂಡಕ್ಕೆ ಸಮನಾಗಿ ಕೊಯ್ದರೆ ಉಬ್ಬೇ ಹೋಗಿ ಗಾಯ ದೊಡ್ಡದಾಗುತ್ತದೆ. ಗೇಣುದ್ದ ಮೋಟು ಬಿಟ್ಟರೆ ಅದು ಒಣಗಿ, ಕೊಳೆ ಒಳಗಿಳಿಯಲು ದಾರಿಯಾಗುತ್ತದೆ.

ಭಾರದ ಕೊಂಬೆಯನ್ನು ಮೇಲಿನಿಂದ ಒಂದೇ ಸಲಕ್ಕೆ ಕೊಯ್ದರೆ, ಅದು ಬೀಳುವಾಗ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಹೋಗುತ್ತದೆ. ಗಾಳಿ ಮಾಡದ ಹಾನಿಯನ್ನು ಎಷ್ಟೋ ಸಲ ನಮ್ಮ ಗರಗಸವೇ ಮಾಡಿರುತ್ತದೆ. ಕಾಂಡದಿಂದ ಸುಮಾರು 30 ಸೆಂ.ಮೀ. ಆಚೆ, ಕೆಳಗಿನಿಂದ ಕೊಂಬೆಯ ದಪ್ಪದ ಮೂರನೇ ಒಂದರಷ್ಟು ಕಚ್ಚು ಹಾಕಿ. ಅದಕ್ಕಿಂತ ನಾಲ್ಕು ಬೆರಳು ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸಿ. ಉಳಿದ ಮೋಟನ್ನು ಆಮೇಲೆ ಉಬ್ಬಿನ ಅಂಚಿನಲ್ಲಿ ನಿಧಾನವಾಗಿ ತೆಗೆಯಿರಿ. ತೊಗಟೆ ಮೊದಲೇ ಹರಿದು ಜೋತಾಡುತ್ತಿದ್ದರೆ ಸಡಿಲವಾದಷ್ಟನ್ನು ಮಾತ್ರ ಚೂಪು ಚಾಕುವಿನಿಂದ ಸವರಿ. ಗಟ್ಟಿಯಾಗಿ ಅಂಟಿರುವುದನ್ನು ಮುಟ್ಟಬೇಡಿ.

ಗಾಯಕ್ಕೆ ಡಾಂಬರು, ಬಣ್ಣ ಬಳಿಯಬೇಕೇ? ಮೊದಮೊದಲು ನಾನೂ ಬಳಿದವನೇ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಮರಗಳನ್ನು ಉದ್ದಕ್ಕೆ ಸೀಳಿ ಒಳಗಿನ ಕೊಳೆಯ ಜಾಡು ಹಿಡಿದವರು. ಅವರು 1977ರಲ್ಲಿ ಪ್ರಕಟಿಸಿದ ವಿವರಣೆಯ ಪ್ರಕಾರ ಮರ ಗಾಯಗೊಂಡ ಭಾಗವನ್ನು ವಾಸಿ ಮಾಡಿಕೊಳ್ಳುವುದಿಲ್ಲ. ಸುತ್ತ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುತ್ತದೆ. ಬಣ್ಣ ಆ ಗೋಡೆಗೆ ನೆರವಾಗುವುದಿಲ್ಲ, ಬದಲಿಗೆ ತೇವವನ್ನು ಹಿಡಿದಿಡಬಹುದು. ಓಕ್ ಮರದ ಸೊರಗು ರೋಗದಂಥ ಹಾವಳಿ ಇರುವಲ್ಲಿ ಮಾತ್ರ, ರೋಗ ಹೊರುವ ಜೀರುಂಡೆಗಳು ಮುತ್ತದಿರಲೆಂದು ಬಳಿಯುವುದುಂಟು.

ಇನ್ನು ಬೋಳಿಸುವ ವಿಚಾರ. ತಲೆ ಕಡಿಸಿಕೊಂಡ ಮರ ಗಾಬರಿಬಿದ್ದು ಮೋಟಿನ ಸುತ್ತ ಪೊರಕೆಯಂತೆ ಚಿಗುರುತ್ತದೆ. ಆ ಚಿಗುರುಗಳ ಹಿಡಿತ ತೊಗಟೆಯ ಅಡಿಯಷ್ಟೇ ಆಳ, ಬೆಳವಣಿಗೆ ಮಾತ್ರ ವೇಗ. ಮುಂದಿನ ಗಾಳಿಗೆ ಮೊದಲು ಮುರಿಯುವುದು ಅವೇ. ಹಾಗಾಗಿ ಈಗ ಮುರಿದದ್ದನ್ನಷ್ಟೇ ತೆಗೆದು, ಒಂದು ಬದಿ ಬರಿದಾಗಿ ಕಂಡರೂ ಬಿಡಿ. ಆ ಬದಿಯಲ್ಲಿ ಯಾವ ಚಿಗುರನ್ನು ಕೊಂಬೆಯಾಗಿ ಬೆಳೆಸಬೇಕೆಂದು ನಾನು ಆರಿಸುವುದು ಒಂದು ವರ್ಷ ಕಳೆದ ಮೇಲೆ.