ವಿಶ್ವಾಸ ಪ್ರಮಾಣದ ಹಿಂದಿನ ವಿವಾದಗಳು

ಕ್ರೈಸ್ತ ನಂಬಿಕೆಯ ಮೂಲಾಂಶಗಳು ಯಾವುವೆಂದು ಕೇಳಿದರೆ ತ್ರಿಯೇಕ ದೇವರು (ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿರುವ ಒಬ್ಬನೇ ದೇವರು), ಯೇಸುವಿನ ದೈವತ್ವ, ಶಿಲುಬೆಯ ಮರಣ, ಪುನರುತ್ಥಾನ ಎಂದು ಎಣಿಸುವುದು ಇಂದು ಸುಲಭ. ಆದರೆ ಆ ಪಟ್ಟಿ ಒಮ್ಮೆಗೇ ಸಿದ್ಧವಾದುದಲ್ಲ. ಅದನ್ನು ಸಾರವಾಗಿ ಹೇಳುವ ವಿಶ್ವಾಸ ಪ್ರಮಾಣದ ಎಷ್ಟೋ ಮಾತುಗಳು ರೂಪುಗೊಂಡದ್ದು ವಿವಾದಗಳ ನಡುವೆ.

ಮೊದಲ ತಲೆಮಾರಿನವರ ಒಪ್ಪಿಗೆಯ ಮಾತು ಬಹಳ ಚಿಕ್ಕದು: ‘ಯೇಸುವೇ ಕರ್ತನು’. ಕ್ರಿ.ಶ. 50ರ ದಶಕದಲ್ಲಿ ಕೊರಿಂಥದ ಕ್ರೈಸ್ತರಿಗೆ ಪತ್ರ ಬರೆದ ಅಪೊಸ್ತಲ ಪೌಲನು, ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತು, ಹೂಣಲ್ಪಟ್ಟು, ಮೂರನೆಯ ದಿನ ಎದ್ದನೆಂಬುದನ್ನು ಹೇಳುವಾಗ, ತಾನೂ ಪಡೆದುಕೊಂಡದ್ದನ್ನೇ ಅವರಿಗೆ ಒಪ್ಪಿಸಿದೆನೆನ್ನುತ್ತಾನೆ. ಆ ಸೂತ್ರ ಪತ್ರಕ್ಕಿಂತ ಹಳೆಯದೆಂಬುದು ಇದರಿಂದಲೇ ತಿಳಿಯುತ್ತದೆ.

ಯೇಸು ಕರ್ತನೆಂಬುದು ಸರಿ, ಆದರೆ ಯಾವ ಅರ್ಥದಲ್ಲಿ? ನಾಲ್ಕನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂಡ್ರಿಯದ ಗುರು ಏರಿಯಸ್, ಮಗನು (ಯೇಸು) ತಂದೆಯಾದ ದೇವರಿಂದ ಸೃಷ್ಟಿಯಾದವನು, ಅವನು ಇಲ್ಲದಿದ್ದ ಸ್ಥಿತಿಯೂ ಒಂದಿತ್ತು ಎಂದು ಬೋಧಿಸಿದನು. ಈ ಒಡಕು ಸಾಮ್ರಾಜ್ಯದ ಶಾಂತಿಗೂ ಕುತ್ತೆಂದು ಕಂಡ ಚಕ್ರವರ್ತಿ ಕಾನ್‌ಸ್ಟಂಟೈನ್, 325ರಲ್ಲಿ ಇಂದಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಬಿಷಪರ ಸಭೆ ಕರೆಸಿದನು. ಮಗನು ತಂದೆಯೊಡನೆ ‘ಹೋಮೋಊಸಿಯೋಸ್’, ಅಂದರೆ ಒಂದೇ ತತ್ತ್ವದವನು, ಎಂದು ಸಭೆ ತೀರ್ಮಾನಿಸಿತು. ಈ ಗ್ರೀಕ್ ಪದ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಏರಿಯಸ್‌ನನ್ನು ಒಪ್ಪದ ಹಲವರಿಗೂ ಅದು ಇರಿಸುಮುರಿಸು ತಂದಿತ್ತು. ಆದರೆ ಬೈಬಲಿನ ಮಾತುಗಳನ್ನು ಎರಡೂ ಪಕ್ಷದವರು ತಮಗೆ ಬೇಕಾದ ಅರ್ಥದಲ್ಲಿ ಒಪ್ಪಿಕೊಳ್ಳಬಹುದಾಗಿದ್ದಾಗ, ಹೊರಗಿನ ಪದವೊಂದು ಅನಿವಾರ್ಯವಾಗಿತ್ತೆಂದೇ ತೋರುತ್ತದೆ. ಸಭೆ ಮುಗಿದರೂ ಜಗಳ ಮುಗಿಯಲಿಲ್ಲ: ನೈಸಿಯಾದ ನಿಲುವನ್ನು ಹಿಡಿದು ನಿಂತ ಬಿಷಪ್ ಅಥನೇಷಿಯಸ್ ಐದು ಬಾರಿ ಗಡೀಪಾರಾದನು. ನೈಸಿಯಾದ ಹೆಸರಿನಲ್ಲಿ ಇಂದು ಆರಾಧನೆಗಳಲ್ಲಿ ಹೇಳುವ ವಿಶ್ವಾಸ ಪ್ರಮಾಣವೂ, ಪವಿತ್ರಾತ್ಮನ ಕುರಿತ ಮಾತುಗಳು ವಿಸ್ತಾರಗೊಂಡ, 381ರ ಕಾನ್‌ಸ್ಟಾಂಟಿನೋಪಲ್ ಸಭೆಗೆ ಸಲ್ಲುವ ಪಾಠವೇ ಹೊರತು 325ರದ್ದಲ್ಲ.

ಕ್ರಿಸ್ತನು ಒಬ್ಬನೇ ವ್ಯಕ್ತಿ, ಅವನಲ್ಲಿ ದೈವ ಮತ್ತು ಮಾನವ ಸ್ವಭಾವಗಳೆರಡೂ ಇವೆ ಎಂದು 451ರಲ್ಲಿ ಕ್ಯಾಲ್ಸಿಡಾನ್ ಸಭೆ ಹೇಳಿತು. ಕಾಪ್ಟಿಕ್ (ಈಜಿಪ್ಟಿನ), ಅರ್ಮೇನಿಯನ್, ಸಿರಿಯನ್ ಚರ್ಚುಗಳು ಅದನ್ನು ಒಪ್ಪದೆ ಬೇರೆಯಾದವು. ಪವಿತ್ರಾತ್ಮನು ತಂದೆಯಿಂದ ‘ಮತ್ತು ಮಗನಿಂದ’ ಹೊರಡುವನೆಂದು ರೋಮ್ ಕೇಂದ್ರವಾದ ಪಶ್ಚಿಮದವರು ಪ್ರಮಾಣಕ್ಕೆ ಸೇರಿಸಿಕೊಂಡ ಮಾತು ಪೂರ್ವದ ಚರ್ಚುಗಳೊಂದಿಗಿನ ಬಿರುಕನ್ನು ಹೆಚ್ಚಿಸಿತು. ಹದಿನಾರನೆಯ ಶತಮಾನದ ಪ್ರೊಟೆಸ್ಟೆಂಟ್ ಸುಧಾರಣೆಯಾದರೋ ಈ ಪ್ರಮಾಣವನ್ನು ಮುಟ್ಟಲಿಲ್ಲ. ಲೂಥರ್‌ನ ಪಕ್ಷದವರ ನಂಬಿಕೆಯ ಹೇಳಿಕೆಯಾದ 1530ರ ಆಗ್ಸ್‌ಬರ್ಗ್ ಅರಿಕೆ ನೈಸಿಯಾದ ತೀರ್ಮಾನವನ್ನು ತನ್ನ ಮೊದಲ ವಿಧಿಯಲ್ಲೇ ಎತ್ತಿಹಿಡಿಯಿತು. ಅಂದಿನ ವಾದವಿದ್ದದ್ದು ರಕ್ಷಣೆ ಮನುಷ್ಯನಿಗೆ ದಕ್ಕುವ ಬಗೆಯ ಮೇಲೆ.

1910ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ (ಒಂದು ಪ್ರೊಟೆಸ್ಟೆಂಟ್ ಪಂಥ) ಮಹಾಸಭೆ ಐದು ಅಗತ್ಯ ಬೋಧನೆಗಳನ್ನು ಗುರುತಿಸಿತು: ಬೈಬಲಿನ ದೋಷರಾಹಿತ್ಯ, ಕನ್ಯೆಯಿಂದಾದ ಜನನ, ಮನುಷ್ಯರ ಪಾಪಕ್ಕಾಗಿ ಕ್ರಿಸ್ತನು ಮಾಡಿದ ಪ್ರಾಯಶ್ಚಿತ್ತ, ದೇಹಸಹಿತ ಪುನರುತ್ಥಾನ, ಅದ್ಭುತಕಾರ್ಯಗಳು. ನೈಸಿಯಾ ಸೊಲ್ಲೆತ್ತದಿದ್ದ ಬೈಬಲಿನ ದೋಷರಾಹಿತ್ಯ ಇಲ್ಲಿ ಮೊದಲ ಸ್ಥಾನದಲ್ಲಿದೆ. ನೈಸಿಯಾವನ್ನು ಅಲುಗಾಡಿಸಿದ್ದ ತಂದೆ-ಮಗನ ಸಂಬಂಧಕ್ಕೆ ಈ ಐದರಲ್ಲಿ ಪ್ರತ್ಯೇಕ ಅಂಶವಿಲ್ಲ, ಏಕೆಂದರೆ ಆ ಹೊತ್ತಿನ ವಿವಾದ ಅದಾಗಿರಲಿಲ್ಲ.