ಹದಿನಾರಕ್ಕೆ ನಿಂತುಬಿಟ್ಟ ಹುಡುಗ

ಹೋಲ್ಡನ್ ಕಾಲ್‌ಫೀಲ್ಡ್‌ನ ಮಾತು ಬಂದರೆ ಓದುಗರಲ್ಲಿ ಎರಡು ಪಕ್ಷ. ಅನುಕೂಲಸ್ಥರ ಮನೆಯ ಹುಡುಗ, ಹೊಟ್ಟೆ ತುಂಬಿದವನ ಕೊರಗು, ಯಾರಾದರೂ ಎರಡು ಬಾರಿಸಿದ್ದರೆ ಸರಿಹೋಗುತ್ತಿದ್ದ ಎನ್ನುವವರು ಒಂದು ಕಡೆ. ದೊಡ್ಡವರ ಸೋಗಲಾಡಿತನವನ್ನು ಕಂಡು ಹೇಳಿದವನು ಇವನೊಬ್ಬನೇ ಎನ್ನುವವರು ಇನ್ನೊಂದು ಕಡೆ. ಹದಿನಾರರ ಈ ಹುಡುಗನ ಕಥೆ ಹೇಳುವ, ಅಮೆರಿಕದ ಲೇಖಕ ಜೆ. ಡಿ. ಸ್ಯಾಲಿಂಜರ್ ಅವರ ಕಾದಂಬರಿ ‘ದಿ ಕ್ಯಾಚರ್ ಇನ್ ದ ರೈ’ 1951ರ ಜುಲೈನಲ್ಲಿ ಹೊರಬಂದಾಗಿನಿಂದ ಈ ಜಗಳ ನಿಂತಿಲ್ಲ. ನಡುವೆ ಶಾಲೆಗಳ ನಿಷೇಧ, ಒಂದು ಕೊಲೆ, ಕೋರ್ಟು ಕೇಸು, ಮನೋವಿಜ್ಞಾನದ ಹಣೆಪಟ್ಟಿ ಎಲ್ಲವೂ ಸೇರಿಕೊಂಡು ಸಿಕ್ಕು ಬಿಗಿಯಾಗಿದೆ. ಈ ಹುಡುಗ ದೊಡ್ಡವನಾಗಲು ಯಾಕೆ ಒಲ್ಲೆ ಎಂದ ಅನ್ನುವ ಮೊದಲ ಪ್ರಶ್ನೆ ಮಾತ್ರ ಎಲ್ಲೋ ಬಿದ್ದುಹೋಗಿದೆ.

ಯುರೋಪಿನ ಕಾದಂಬರಿಯಲ್ಲಿ ದೊಡ್ಡವರಾಗುವುದು ಬಹುಕಾಲ ಊರು ಸೇರುವ ಕಥೆಯಾಗಿತ್ತು. 1795–96ರಲ್ಲಿ ಜರ್ಮನ್ ಲೇಖಕ ಗಯಟೆ ಬರೆದ ವಿಲ್ಹೆಲ್ಮ್ ಮೈಸ್ಟರ್‌ನ ಕಥೆ ಅದಕ್ಕೆ ಅಚ್ಚು ಹಾಕಿಕೊಟ್ಟಿತು: ಹುಡುಗ ಮನೆ ಬಿಡುತ್ತಾನೆ, ದಾರಿ ತಪ್ಪುತ್ತಾನೆ, ಪೆಟ್ಟು ತಿನ್ನುತ್ತಾನೆ, ಕೊನೆಗೆ ಲೋಕದಲ್ಲಿ ತನ್ನ ಜಾಗ ಹಿಡಿಯುತ್ತಾನೆ. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಬೆಳವಣಿಗೆಯ ಕಾದಂಬರಿಗಳು ಇದೇ ಗಾಡಿಜಾಡಿನಲ್ಲಿ ನಡೆದವು. ಮಾರ್ಕ್ ಟ್ವೇನ್‌ನ ಹಕ್ ಫಿನ್ ಕೊನೆಯಲ್ಲಿ ನಾಗರಿಕನಾಗುವ ಗೊಡವೆಯೇ ಬೇಡವೆಂದು ಓಡಿಹೋಗಲು ನಿಂತ. ಆದರೂ ಅವನು ಬೇಡವೆಂದದ್ದು ಊರನ್ನೇ ಹೊರತು ವಯಸ್ಸನ್ನಲ್ಲ.

ವಯಸ್ಸನ್ನೇ ಬೇಡವೆಂದವನು 1904ರ ಡಿಸೆಂಬರ್ 27ರಂದು ಲಂಡನ್ನಿನ ರಂಗಮಂದಿರವೊಂದಕ್ಕೆ ಹಾರಿ ಬಂದ ಪೀಟರ್ ಪ್ಯಾನ್. ಅದೇ ವರ್ಷ ಅಮೆರಿಕದಲ್ಲಿ ಮನೋವಿಜ್ಞಾನಿ ಜಿ. ಸ್ಟ್ಯಾನ್ಲಿ ಹಾಲ್ ಹದಿಹರೆಯದ ಮೇಲೆ ಎರಡು ಸಂಪುಟಗಳ ದಪ್ಪ ಗ್ರಂಥ ತಂದು, ಅದು ಬಿರುಗಾಳಿಯ ವಯಸ್ಸು ಎಂದರು. ಪೀಟರ್‌ನನ್ನು ಬರೆದ ಜೆ. ಎಂ. ಬ್ಯಾರಿಗೆ ಆರು ವರ್ಷವಿದ್ದಾಗ, 1867ರಲ್ಲಿ, ಅವರ ಅಣ್ಣ ಡೇವಿಡ್ ಮಂಜುಗಡ್ಡೆಯ ಮೇಲೆ ಜಾರಾಟದ ನಡುವೆ ಬಿದ್ದು ತೀರಿಕೊಂಡಿದ್ದ. ಅವನಿಗಿನ್ನೂ ಹದಿಮೂರು. ತಾಯಿ ಹಾಸಿಗೆ ಹಿಡಿದರು. ಅವರನ್ನು ಸಮಾಧಾನ ಮಾಡಲು ಪುಟ್ಟ ಬ್ಯಾರಿ ಅಣ್ಣನ ಬಟ್ಟೆ ತೊಟ್ಟು, ಅವನಂತೆ ಕಾಲು ಅಗಲಿಸಿ ನಿಂತು ಶಿಳ್ಳೆ ಹಾಕಿದ್ದನ್ನು ಮುಂದೆ ತಾಯಿಯ ಕುರಿತ ಪುಸ್ತಕದಲ್ಲಿ ತಾವೇ ಬರೆದುಕೊಂಡರು. ತಾನು ದೊಡ್ಡವನಾದರೂ ಅಣ್ಣ ಹದಿಮೂರರಲ್ಲೇ ಉಳಿದ ಎಂಬ ಮಾತೂ ಅಲ್ಲಿದೆ. ಮಕ್ಕಳ ನಾಟಕವೆಂದು ನಾವು ನಗುತ್ತಾ ನೋಡುವ ಕಥೆಯ ಬುಡದಲ್ಲಿ ಒಂದು ಸಾವಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂದಹಾಗೆ ಹದಿಹರೆಯ ಎನ್ನುವ ಮಾತು ಕನ್ನಡದಲ್ಲಿ ಎಷ್ಟು ಸಲೀಸಾಗಿ ಕೂತಿದೆ! ಹದಿಮೂರು, ಹದಿನಾಲ್ಕು, ಹದಿನೈದರ ‘ಹದಿ’ಗೆ ಹರೆಯ ಅಂಟಿಸಿದರಾಯಿತು. ಆದರೆ ಪದವಿದ್ದ ಮಾತ್ರಕ್ಕೆ ಆ ವಯಸ್ಸು ಎಲ್ಲರಿಗೂ ಸಿಕ್ಕಿತೆಂದಲ್ಲ. ಮದುವೆಗೆ ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟಾದರೂ ಆಗಿರಬೇಕೆಂದು ನಮ್ಮಲ್ಲಿ ಕಾನೂನು ಬಂದದ್ದು 1929ರಲ್ಲಿ. ನಮ್ಮ ಅಜ್ಜಿಯರಲ್ಲಿ ಎಷ್ಟೋ ಜನಕ್ಕೆ ದೊಡ್ಡವಳಾಗಲು ಒಲ್ಲೆ ಎನ್ನುವಷ್ಟು ಪುರುಸೊತ್ತೇ ಇರಲಿಲ್ಲ. ಅಮೆರಿಕದಲ್ಲೂ ಈ ಪುರುಸೊತ್ತು ಹೊಸದೇ. 1910ರಲ್ಲಿ ಅಲ್ಲಿ ಹೈಸ್ಕೂಲು ಮುಗಿಸುತ್ತಿದ್ದವರು ನೂರಕ್ಕೆ ಹತ್ತು ಮಂದಿಯೂ ಇಲ್ಲ, 1940ರ ಹೊತ್ತಿಗೆ ಅರ್ಧದಷ್ಟು. 1938ರ ಕಾರ್ಮಿಕ ಕಾನೂನು ಮಕ್ಕಳನ್ನು ಕಾರ್ಖಾನೆಗಳಿಂದ ಹೊರಗಿಟ್ಟಿತು. ಮಗುವೂ ಅಲ್ಲದ, ಸಂಸಾರಸ್ಥನೂ ಅಲ್ಲದ ಒಂದು ವಯಸ್ಸು ಲಕ್ಷಾಂತರ ಜನರಿಗೆ ದಕ್ಕಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು.

ಹೋಲ್ಡನ್ ಹುಟ್ಟಿದ್ದು ಈ ಸಂದಿಯಲ್ಲಿ. ಅವನ ಕುರಿತ ಒಂದು ಕಥೆಯನ್ನು ‘ನ್ಯೂಯಾರ್ಕರ್’ ಪತ್ರಿಕೆ 1941ರಲ್ಲೇ ಕೊಂಡಿತ್ತು. ಡಿಸೆಂಬರಿನಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿದ್ದು ದೇಶ ಯುದ್ಧಕ್ಕಿಳಿದ ಮೇಲೆ, ಶಾಲೆಯ ಮೇಲೆ ಮುನಿದ ಹುಡುಗನ ಕಥೆ ಆ ಹೊತ್ತಿಗೆ ಹೊಂದಲಿಲ್ಲ. ಅದು ಅಚ್ಚಾದದ್ದು 1946ರ ಡಿಸೆಂಬರಿನಲ್ಲಿ. ಈ ಐದು ವರ್ಷಗಳಲ್ಲಿ ಸ್ಯಾಲಿಂಜರ್ ಸೈನ್ಯ ಸೇರಿ, 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಇಳಿದು, ಹರ್ಟ್‌ಗನ್ ಕಾಡಿನ ಚಳಿಯಲ್ಲಿ ಕಾದಾಡಿ, ನಾಜಿಗಳ ಯಾತನಾ ಶಿಬಿರವನ್ನು ಕಣ್ಣಾರೆ ಕಂಡು, 1945ರಲ್ಲಿ ಮನಸ್ಸು ಕುಸಿದು ಆಸ್ಪತ್ರೆ ಸೇರಿದ್ದರು. ಹೋಲ್ಡನ್ನನ ಕಥೆಯ ಹಾಳೆಗಳು ಯುದ್ಧಭೂಮಿಯಲ್ಲೂ ಅವರ ಜೊತೆಗಿದ್ದವೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ.

ಹೆಚ್ಚು ಜನ ಗಮನಿಸದ ಸಂಗತಿಯೊಂದು ಇಲ್ಲಿದೆ. 1944 ಮತ್ತು 1945ರಲ್ಲಿ ಸ್ಯಾಲಿಂಜರ್ ಪ್ರಕಟಿಸಿದ ಎರಡು ಕಥೆಗಳಲ್ಲಿ ಹೋಲ್ಡನ್ ಸೈನಿಕ, ಇನ್ನೂ ಇಪ್ಪತ್ತು ತುಂಬದವನು, ಯುದ್ಧದಲ್ಲಿ ಕಾಣೆಯಾದವನು. ಅಣ್ಣ ಅವನಿಗಾಗಿ ಪರಿತಪಿಸುತ್ತಾನೆ. ಅಂದರೆ ಮೊದಲು ಅಚ್ಚಾದ ಹೋಲ್ಡನ್ ದೊಡ್ಡವನಾಗಲೇ ಇಲ್ಲ. ಕಾದಂಬರಿ ಬರೆಯುವಾಗ ಲೇಖಕರು ಅವನನ್ನು ರಣರಂಗದಿಂದ ಎತ್ತಿ ತಂದು, ವಯಸ್ಸು ಇಳಿಸಿ, ಪೆನ್ಸಿಲ್ವೇನಿಯಾದ ಬೋರ್ಡಿಂಗ್ ಸ್ಕೂಲಿನಲ್ಲಿ ಕೂರಿಸಿದರು. ಸಾವನ್ನು ಮಾತ್ರ ಬಿಡಲಿಲ್ಲ, ಅದನ್ನು ತಮ್ಮನಿಗೆ ವರ್ಗಾಯಿಸಿದರು.

ಆ ತಮ್ಮನ ಹೆಸರು ಆ್ಯಲಿ. ಹನ್ನೊಂದನೆಯ ವಯಸ್ಸಿನಲ್ಲಿ, 1946ರ ಜುಲೈ 18ರಂದು, ರಕ್ತದ ಕ್ಯಾನ್ಸರಿನಿಂದ ಹೋದ. ಇಡೀ ಕಾದಂಬರಿಯಲ್ಲಿ ಹೋಲ್ಡನ್ ಇಷ್ಟು ಖಚಿತವಾಗಿ ಹೇಳುವ ತಾರೀಖು ಇನ್ನೊಂದಿಲ್ಲ. ಆ ರಾತ್ರಿ ಅವನು ಗ್ಯಾರೇಜಿನ ಕಿಟಕಿ ಗಾಜುಗಳನ್ನೆಲ್ಲ ಮುಷ್ಟಿಯಿಂದ ಒಡೆದ. ಕೈ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದುದರಿಂದ ತಮ್ಮನ ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ. ಹಸಿರು ಇಂಕಿನಲ್ಲಿ ಪದ್ಯ ಬರೆದಿದ್ದ ತಮ್ಮನ ಬೇಸ್‌ಬಾಲ್ ಗ್ಲೌಸನ್ನು ಎಲ್ಲಿ ಹೋದರೂ ಒಯ್ಯುತ್ತಾನೆ. ಬೀದಿ ದಾಟುವಾಗ, ನಾನು ಕಾಣೆಯಾಗದಂತೆ ನೋಡಿಕೊ ಎಂದು ಸತ್ತ ತಮ್ಮನನ್ನು ಬೇಡಿಕೊಳ್ಳುತ್ತಾನೆ. ಮ್ಯೂಸಿಯಂ ಅವನಿಗೆ ಇಷ್ಟ, ಗಾಜಿನ ಪೆಟ್ಟಿಗೆಯೊಳಗೆ ಏನೂ ಬದಲಾಗುವುದಿಲ್ಲವಲ್ಲ! ಬರ್ನ್ಸ್ ಕವಿಯ ಹಾಡಿನ ಸಾಲನ್ನು ತಪ್ಪಾಗಿ ನೆನಪಿಟ್ಟುಕೊಂಡು, ರೈ ಧಾನ್ಯದ ಹೊಲದಲ್ಲಿ ಆಡುತ್ತಾ ಪ್ರಪಾತದ ಕಡೆ ಓಡುವ ಮಕ್ಕಳನ್ನು ಹಿಡಿದು ನಿಲ್ಲಿಸುವ ಕೆಲಸ ಬೇಕೆನ್ನುತ್ತಾನೆ. ಹತ್ತು ವರ್ಷದ ತಂಗಿ ಫೀಬಿ ಸಾಲನ್ನು ತಿದ್ದುತ್ತಾಳೆ. ಕಾಲೇಜಿನಲ್ಲಿ ಓದಿದಾಗ ನನಗೆ ಇವೆಲ್ಲ ಚಪಲದ ಮಾತುಗಳೆನಿಸಿದ್ದವು. ಮನೆಯಲ್ಲೊಂದು ಸಾವು ಕಂಡ ಮೇಲೆ ಮತ್ತೆ ಓದಿದಾಗ ಹಾಗನ್ನಿಸಲಿಲ್ಲ.

ಹಸ್ತಪ್ರತಿ ಓದಿದ ಪ್ರಕಾಶನ ಸಂಸ್ಥೆಯೊಂದರ ಮುಖ್ಯಸ್ಥರು, ಈ ಹುಡುಗನಿಗೆ ತಲೆ ಕೆಟ್ಟಿದೆಯೇ ಎಂದು ಕೇಳಿದ್ದರಂತೆ. ಪುಸ್ತಕ ಬೇರೆ ಕಡೆ ಅಚ್ಚಾಯಿತು, ಆ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಉಳಿಯಿತು. 1960ರಲ್ಲಿ ಓಕ್ಲಹಾಮಾದ ಟಲ್ಸಾ ನಗರದಲ್ಲಿ ಇದನ್ನು ಪಾಠಕ್ಕಿಟ್ಟ ಶಿಕ್ಷಕಿಯ ಕೆಲಸ ಹೋಯಿತು, ಆಮೇಲೆ ಕೆಲಸ ಮರಳಿ ಸಿಕ್ಕರೂ ಪುಸ್ತಕ ಮರಳಲಿಲ್ಲ. 1978ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಒಬ್ಬರು ಕೂತು ಎಣಿಸಿ, ಇದರಲ್ಲಿ 785 ಕೆಟ್ಟ ಮಾತುಗಳಿವೆ ಎಂದು ದೂರಿದರು. ಅಷ್ಟು ಶ್ರದ್ಧೆಯಿಂದ ಓದಿದವರ ಕಣ್ಣಿಗೆ, ತಂಗಿಯ ಶಾಲೆಯ ಗೋಡೆಯಲ್ಲಿ ಗೀಚಿದ್ದ ಹೊಲಸು ಮಾತನ್ನು ಹೋಲ್ಡನ್ ಕೈಯಿಂದ ಉಜ್ಜಿ ಅಳಿಸುವ ಜಾಗ ಬಿದ್ದಿರಲೇಬೇಕು. 1980ರ ಡಿಸೆಂಬರಿನಲ್ಲಿ ಬೀಟಲ್ಸ್ ಖ್ಯಾತಿಯ ಗಾಯಕ ಜಾನ್ ಲೆನನ್‌ನನ್ನು ಕೊಂದವನ ಕೈಯಲ್ಲಿ ಇದೇ ಪುಸ್ತಕ ಸಿಕ್ಕಿತು. ಅಲ್ಲಿಂದ ಮುಂದೆ ಪತ್ರಿಕೆಗಳಿಗೆ ಹೋಲ್ಡನ್ ಎಂದರೆ ಒಂದು ರೋಗಲಕ್ಷಣ. 1983ರಲ್ಲಿ ‘ಪೀಟರ್ ಪ್ಯಾನ್ ಸಿಂಡ್ರೋಮ್’ ಎಂಬ ಜನಪ್ರಿಯ ಪುಸ್ತಕ ಬಂದು, ಜವಾಬ್ದಾರಿ ಒಲ್ಲದ ಗಂಡಸರಿಗೆಲ್ಲ ಒಂದೇ ಚೀಟಿ ಅಂಟಿಸಲು ಅನುಕೂಲವಾಯಿತು. ಇಬ್ಬರು ಹುಡುಗರ ದುಃಖ ಕಾಯಿಲೆಯ ಹೆಸರಾಗಿ ಮಾರಾಟವಾಯಿತು.

ಇಷ್ಟರ ನಡುವೆ ಹದಿಹರೆಯದ ಕಾದಂಬರಿ ತನ್ನ ದಾರಿ ಹಿಡಿದಿತ್ತು. ಶಿಕ್ಷಕಿ ಕೆಲಸ ಕಳೆದುಕೊಂಡ ಅದೇ ಟಲ್ಸಾದಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ಬರೆಯಲು ಕೂತಳು. ಎಸ್. ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’ 1967ರಲ್ಲಿ ಪ್ರಕಟವಾದಾಗ ಆಕೆಗೆ ಹದಿನೆಂಟು. ಅಲ್ಲಿಯ ಬಡ ಹುಡುಗರಿಗೆ ಬಾಲ್ಯವೇ ಪೂರ್ತಿ ಸಿಕ್ಕಿಲ್ಲ, ಬಿಟ್ಟುಕೊಡಲು ಒಲ್ಲೆ ಎನ್ನುವುದೆಲ್ಲಿ ಬಂತು. ಹೋಲ್ಡನ್ನನ್ನು ಹೊಟ್ಟೆ ತುಂಬಿದವನೆಂದು ಜರೆಯುವವರ ಮಾತಿಗೆ ನಿಜವಾದ ತೂಕ ಬರುವುದು ಈ ಪುಸ್ತಕ ಪಕ್ಕದಲ್ಲಿಟ್ಟಾಗಲೇ. ಇಂದು ಹದಿಹರೆಯದವರಿಗೆಂದೇ ಅಂಗಡಿಗಳಲ್ಲಿ ಬೇರೆ ಕಪಾಟಿದೆ.

ಸ್ಯಾಲಿಂಜರ್ 1965ರ ನಂತರ ಏನನ್ನೂ ಪ್ರಕಟಿಸಲಿಲ್ಲ, ಸಿನಿಮಾದವರಿಗೆ ಹೋಲ್ಡನ್ನನ್ನು ಕೊಡಲಿಲ್ಲ. 2009ರಲ್ಲಿ, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಕೋರ್ಟಿಗೆ ಹೋದರು. ಸ್ವೀಡನ್ನಿನ ಲೇಖಕರೊಬ್ಬರು, ಎಪ್ಪತ್ತಾರರ ಮುದುಕನಾದ ಹೋಲ್ಡನ್ ವೃದ್ಧಾಶ್ರಮದಿಂದ ತಪ್ಪಿಸಿಕೊಂಡು ನ್ಯೂಯಾರ್ಕಿನಲ್ಲಿ ಅಲೆಯುವ ಕಾದಂಬರಿ ಬರೆದಿದ್ದರು. ನ್ಯಾಯಾಧೀಶರು ಅಮೆರಿಕದಲ್ಲಿ ಅದರ ಪ್ರಕಟಣೆ ತಡೆದರು. ಮೇಲಿನ ಕೋರ್ಟು ಆ ಆದೇಶವನ್ನು ಮರುಪರಿಶೀಲನೆಗೆ ಕಳಿಸಿತು. ಅಷ್ಟರಲ್ಲಿ, 2010ರ ಜನವರಿಯಲ್ಲಿ, ಸ್ಯಾಲಿಂಜರ್ ತೀರಿಕೊಂಡಿದ್ದರು. 2011ರಲ್ಲಿ ರಾಜಿಯಾಯಿತು: ಮೂಲ ಕೃತಿಯ ಹಕ್ಕುಸ್ವಾಮ್ಯ ಮುಗಿಯುವವರೆಗೆ ಅಮೆರಿಕ, ಕೆನಡಾಗಳಲ್ಲಿ ಆ ಪುಸ್ತಕ ಬರುವಂತಿಲ್ಲ. ಅಮೆರಿಕದ ಕಾನೂನಿನಂತೆ 1951ರ ಕೃತಿಗೆ 95 ವರ್ಷದ ಹಕ್ಕು. ಅಲ್ಲಿಯ ಅಂಗಡಿಗಳಿಗೆ ಮುದುಕ ಹೋಲ್ಡನ್ ಬರಬೇಕೆಂದರೆ 2047ರ ಜನವರಿ ಒಂದನೇ ತಾರೀಖು ಬರಬೇಕು.