ಎರಡು ವರ್ಷ ಓದಿದರೆ ಫ್ಯಾಮಿಲಿ ಥೆರಪಿಸ್ಟ್ ಆಗಬಹುದಾ?

ಪ್ರಶ್ನೆ: ನಾನು ಮೈಸೂರಿನಲ್ಲಿ ಎಂಎಸ್‌ಡಬ್ಲ್ಯೂ (ಸೋಷಿಯಲ್ ವರ್ಕ್‌ನಲ್ಲಿ ಮಾಸ್ಟರ್ಸ್) ಮಾಡಿದ್ದೇನೆ. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೇನೆ, ಗಂಡನ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾದಲ್ಲಿದ್ದೇನೆ. ಇಲ್ಲಿ ಮ್ಯಾರೇಜ್ ಅಂಡ್ ಫ್ಯಾಮಿಲಿ ಥೆರಪಿಸ್ಟ್ (ಎಂಎಫ್‌ಟಿ) ಆಗುವ ಆಸೆ. ಎರಡು ವರ್ಷದ ಮಾಸ್ಟರ್ಸ್ ಮುಗಿಸಿದರೆ ಸಾಕು ಅಂತ ಪರಿಚಯದವರು ಹೇಳುತ್ತಾರೆ. ನಿಜವಾ?

ಉತ್ತರ: ಅರ್ಧ ನಿಜ. ಓದು ಎರಡು-ಮೂರು ವರ್ಷದಲ್ಲಿ ಮುಗಿಯುತ್ತದೆ. ಆದರೆ ಪದವಿ ಕೈಗೆ ಬಂದ ದಿನ ನೀವು ಇನ್ನೂ ಥೆರಪಿಸ್ಟ್ ಅಲ್ಲ. ಗಂಟೆಗಳ ಲೆಕ್ಕ ಇನ್ನೂ ಬಾಕಿಯಿರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್‌ಗೆ 3,000 ಗಂಟೆಯ ಕೆಲಸದ ಅನುಭವ ಬೇಕು, ಅದೂ ಮೇಲ್ವಿಚಾರಕರ ಕಣ್ಣಿನ ಕೆಳಗೆ. ವಾರಕ್ಕೆ ಹೆಚ್ಚೆಂದರೆ 40 ಗಂಟೆ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾದರೆ 75 ವಾರದಲ್ಲಿ ಮುಗೀತು ಅಂತ ಲೆಕ್ಕ ಹಾಕಿ ಖುಷಿಪಡಬೇಡಿ, ಕನಿಷ್ಠ 104 ವಾರ ಆಗಲೇಬೇಕು ಅಂತ ಬೇರೆಯೇ ನಿಯಮವಿದೆ. 3,000ದಲ್ಲಿ ಕನಿಷ್ಠ 1,750 ಗಂಟೆ ಜನರ ಜೊತೆ ನೇರವಾಗಿ ಮಾಡಿದ ಕೌನ್ಸೆಲಿಂಗ್ ಆಗಿರಬೇಕು. ಅದರೊಳಗೆ 500 ಗಂಟೆ ದಂಪತಿ, ಕುಟುಂಬ ಅಥವಾ ಮಕ್ಕಳ ಜೊತೆಗೇ ಕಳೆದಿರಬೇಕು. ಓದುವಾಗಲೇ ಗಳಿಸಿದ ಗಂಟೆಗಳಲ್ಲಿ 1,300ರವರೆಗೆ ಸೇರಿಸಿಕೊಳ್ಳಬಹುದು. ಪದವಿಯಾದ ಮೇಲೆ ‘ಅಸೋಸಿಯೇಟ್’ ಅಂತ ನೋಂದಾಯಿಸಿಕೊಂಡು ಯಾರದಾದರೂ ಸಂಸ್ಥೆಯಲ್ಲಿ ಕೆಲಸ ಮಾಡಬೇಕು. ಸ್ವಂತ ಬೋರ್ಡ್ ಹಾಕುವ ಹಾಗಿಲ್ಲ, ಬಂದವರಿಂದ ನೇರವಾಗಿ ಫೀಸು ತೆಗೆದುಕೊಳ್ಳುವ ಹಾಗೂ ಇಲ್ಲ. ಪರೀಕ್ಷೆ ಎರಡು: ಒಂದು ಕಾನೂನು ಮತ್ತು ನೀತಿಯದು, ಇನ್ನೊಂದು ಚಿಕಿತ್ಸೆಯದು.

ಅಷ್ಟೊಂದು ಗಂಟೆ ಯಾಕೆ? ಈ ವಿದ್ಯೆಯ ಒಂದು ಭಾಗ ಪುಸ್ತಕದಿಂದ ಬರುವುದೇ ಇಲ್ಲ. ನನ್ನದೇ ಉದಾಹರಣೆ ಹೇಳುತ್ತೇನೆ.

ತರಗತಿಯಲ್ಲಿ ಮೊದಮೊದಲು ಮಾಡಿಸುವ ಕೆಲಸಗಳಲ್ಲಿ ಜೀನೋಗ್ರಾಮ್ ಒಂದು. ನಮ್ಮ ಮನೆತನದ ಮೂರು ತಲೆಮಾರಿನ ನಕ್ಷೆ ಅನ್ನಿ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಜಗಳವಿದ್ದಲ್ಲಿ ಅಂಕುಡೊಂಕು ಗೆರೆ, ಮಾತು ಬಿಟ್ಟಿದ್ದರೆ ಕಡಿದ ಗೆರೆ. ಎಲ್ಲರೂ ಅರ್ಧ ಗಂಟೆಯಲ್ಲಿ ಮುಗಿಸಿದರು. ನಾನು ಮೂರು ಹಾಳೆ ಹರಿದೆ. ನಮ್ಮ ಅಜ್ಜಿ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ಮದುವೆಯ ಗೆರೆ ಅಡ್ಡ ಹೋಗುವ ಬದಲು ಮೇಲಿನ ತಲೆಮಾರಿಗೆ ಓರೆಯಾಗಿ ಹತ್ತಿತು. ಟೀಚರ್ ಬಂದು ನೋಡಿ, ‘ಇವರು ಯಾರು, ಇವರ ಅತ್ತೆ ಎಲ್ಲಿ?’ ಎಂದರು. ಅಜ್ಜಿಯ ಅಜ್ಜಿಯೇ ಅವಳ ಅತ್ತೆ. ಹೆತ್ತಮ್ಮನೇ ಗಂಡನ ಅಕ್ಕ. ಅದನ್ನು ವಿವರಿಸುವಾಗ ನನಗೇ ಹೊಳೆಯಿತು: ಗಂಡನ ಮೇಲೆ ದೂರು ಹೇಳಬೇಕು ಅಂದರೆ ನಮ್ಮಜ್ಜಿ ತವರಿಗೆ ಹೋಗಬೇಕಿತ್ತು, ಅಲ್ಲಿ ಕೂತಿದ್ದವಳು ಗಂಡನ ಅಕ್ಕ! ಅಜ್ಜಿ ಸ್ವಭಾವದಲ್ಲೇ ಮೌನಿ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಂಥ ಕಡೆ ಇನ್ನೇನು ಮಾಡುತ್ತಾಳೆ, ಅಲ್ವಾ?

ಫ್ಯಾಮಿಲಿ ಥೆರಪಿ ನೋಡುವ ರೀತಿ ಇದೇ. ಒಬ್ಬ ವ್ಯಕ್ತಿಯ ಒಳಗೆ ಏನು ಕೆಟ್ಟಿದೆ ಅಂತ ಹುಡುಕುವ ಮೊದಲು, ಅವರ ಸುತ್ತ ಯಾರ ನಡುವೆ ಏನು ನಡೆಯುತ್ತಿದೆ ಅಂತ ನೋಡುತ್ತದೆ. ಮನೋವೈದ್ಯ ಮರ್ರಿ ಬೋವೆನ್ 1954ರಿಂದ 1959ರವರೆಗೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ರೋಗಿಯ ಜೊತೆ ಮನೆಯವರನ್ನೂ ವಾರ್ಡಿನಲ್ಲೇ ಇರಿಸಿಕೊಂಡು ಅಧ್ಯಯನ ಮಾಡಿದರು. ಇಬ್ಬರ ನಡುವೆ ಬಿಸಿ ಏರಿದಾಗ ಮೂರನೆಯವರನ್ನು ಎಳೆದುಕೊಳ್ಳುತ್ತಾರೆ ಎಂಬ ‘ತ್ರಿಕೋನ’ದ ಮಾತು ಅವರದು. ತಮಾಷೆ ಅಂದರೆ, ಅದೇ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಳ್ಳುತ್ತಿದ್ದರು. ನನ್ನ ಕೋರ್ಸಿನಲ್ಲಿ ಬೋವೆನ್‌ಗೆ ನಾಲ್ಕು ವಾರ ಕೊಟ್ಟರು. ವಿದ್ಯಾ ಸಾಗರ್ ಹೆಸರು ಒಮ್ಮೆಯೂ ಬರಲಿಲ್ಲ.

ಇನ್ನು ಗಂಟೆಗಳ ವಿಷಯ. ನನ್ನ ಮೊದಲ ದಂಪತಿ ಸೆಷನ್ನಿನ ವಿಡಿಯೊ (ಅವರ ಒಪ್ಪಿಗೆ ಪಡೆದೇ ತೆಗೆದದ್ದು) ಮೇಲ್ವಿಚಾರಕರು ಧ್ವನಿ ತೆಗೆದು ಹಾಕಿ ತೋರಿಸಿದರು. ಹೆಂಡತಿ ಮಾತಾಡುವಾಗೆಲ್ಲ ನನ್ನ ತಲೆ ಆಡುತ್ತಿದೆ. ಗಂಡ ಬಾಯಿ ತೆಗೆದರೆ ನಾನು ಪೆನ್ನು ಹುಡುಕುತ್ತೇನೆ. ಹತ್ತನೇ ನಿಮಿಷದ ಹೊತ್ತಿಗೆ ಅವನು ಕುರ್ಚಿಯನ್ನೇ ಹಿಂದಕ್ಕೆ ಸರಿಸಿಕೊಂಡಿದ್ದ. ನಾನು ತ್ರಿಕೋನದ ಮೂರನೇ ಮೂಲೆಯಾಗಿ ಹೋಗಿದ್ದೆ, ನನಗೆ ಗೊತ್ತೇ ಇರಲಿಲ್ಲ. ಇದನ್ನು ಯಾವ ಪರೀಕ್ಷೆಯೂ ಹಿಡಿಯುವುದಿಲ್ಲ. ಅದಕ್ಕೇ ವಾರ ವಾರವೂ ಮೇಲ್ವಿಚಾರಕರ ಎದುರು ಒಬ್ಬರೇ ಕೂತು ಒಂದು ಗಂಟೆ, ಇಲ್ಲವೇ ಗುಂಪಿನಲ್ಲಿ ಎರಡು ಗಂಟೆ ಮೇಲ್ವಿಚಾರಣೆ ಕಡ್ಡಾಯ. ಕೇಸು ಜಾಸ್ತಿಯಿದ್ದರೆ ಇನ್ನೂ ಹೆಚ್ಚು.

ಈಗ ನಿಮ್ಮ ವೀಸಾ. ಪರಿಚಯದವರು ಹೇಳದೆ ಬಿಟ್ಟಿದ್ದು ಇದನ್ನೇ ಇರಬೇಕು. ಎಚ್-4ನಲ್ಲಿ ಓದಬಹುದು, ತೊಂದರೆಯಿಲ್ಲ. ಆದರೆ ಆ ಗಂಟೆಗಳೆಲ್ಲ ಕೆಲಸ. ಕೆಲಸಕ್ಕೆ ಇಎಡಿ ಎಂಬ ಅನುಮತಿ ಪತ್ರ ಬೇಕು, ಅದು ಸಿಗುವುದು ಮುಖ್ಯವಾಗಿ ನಿಮ್ಮ ಯಜಮಾನರ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ. ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಂಡು ಓದಿದರೆ ಪದವಿಯಾದ ಮೇಲೆ ಸಾಮಾನ್ಯವಾಗಿ 12 ತಿಂಗಳ ಒಪಿಟಿ (ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ) ಸಿಗುತ್ತದೆ, 3,000 ಗಂಟೆಗೆ ಅದು ಸಾಕಾಗುವುದು ಕಷ್ಟ. ಸಂಬಳವಿಲ್ಲದೆ ಮಾಡುತ್ತೇನೆ ಅಂತ ಸುಮ್ನೆ ನುಗ್ಗಬೇಡಿ, ಮೊದಲು ವಲಸೆ ವಕೀಲರನ್ನು ಕೇಳಿ. ಆರು ವರ್ಷಕ್ಕಿಂತ ಹಳೆಯದಾದ ಗಂಟೆಗಳು ಬಹುಪಾಲು ಬಿದ್ದುಹೋಗುತ್ತವೆ ಎಂಬುದೂ ನೆನಪಿರಲಿ. ಆದ್ದರಿಂದ ಫೀಸು ಕಟ್ಟುವ ಮೊದಲು ಇಎಡಿ ಯಾವಾಗ ಬರಬಹುದು ಅಂತ ಮನೆಯಲ್ಲಿ ಕೂತು ಮಾತಾಡಿ.

ಊರಿಗೆ ವಾಪಸಾಗುವ ಯೋಚನೆಯಿದ್ದರೆ ಇನ್ನೊಂದು ಮಾತು. ಭಾರತದಲ್ಲಿ ಈ ಹೆಸರಿನ ಲೈಸೆನ್ಸ್ ಇಲ್ಲ. ಅಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡುವವರು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್‌ಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಫ್ಯಾಮಿಲಿ ಸೈಕಿಯಾಟ್ರಿ ಕೇಂದ್ರವಿದೆ.

ಇಷ್ಟೆಲ್ಲ ಹೇಳಿದ ಮೇಲೆ ನಾನೇ ನಿಮಗೆ ಒಂದು ಪ್ರಶ್ನೆ ಕೇಳಬೇಕು. ಎಂಎಸ್‌ಡಬ್ಲ್ಯೂ ಈಗಾಗಲೇ ಕೈಯಲ್ಲಿದೆಯಲ್ಲ, ಎಂಎಫ್‌ಟಿಯೇ ಯಾಕೆ? ಕ್ಯಾಲಿಫೋರ್ನಿಯಾದಲ್ಲಿ ಎಲ್‌ಸಿಎಸ್‌ಡಬ್ಲ್ಯೂ (ಕ್ಲಿನಿಕಲ್ ಸೋಷಿಯಲ್ ವರ್ಕ್) ಲೈಸೆನ್ಸ್ ಇರುವ ಸೋಷಿಯಲ್ ವರ್ಕರ್‌ಗಳೂ ದಂಪತಿಗಳಿಗೆ, ಕುಟುಂಬಗಳಿಗೆ ಥೆರಪಿ ಕೊಡುತ್ತಾರೆ. ಅಲ್ಲೂ 3,000 ಗಂಟೆ, ಅಲ್ಲೂ 104 ವಾರ, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಹೊರದೇಶದ ಎಂಎಸ್‌ಡಬ್ಲ್ಯೂ ಇಲ್ಲಿನದಕ್ಕೆ ಸಮವೇ ಅಂತ ಸೋಷಿಯಲ್ ವರ್ಕ್ ಶಿಕ್ಷಣವನ್ನು ನೋಡಿಕೊಳ್ಳುವ ಸಿಎಸ್‌ಡಬ್ಲ್ಯೂಇ ಎಂಬ ಸಂಸ್ಥೆ ಪರಿಶೀಲಿಸಿ ಹೇಳುತ್ತದೆ. ಸಮ ಅಂತ ಬಂದರೆ ಇನ್ನೊಂದು ಪೂರ್ತಿ ಮಾಸ್ಟರ್ಸ್‌ನ ಖರ್ಚು ಉಳಿಯಬಹುದು. ಮೈಸೂರಿನಿಂದ ಅಂಕಪಟ್ಟಿ, ಸಿಲಬಸ್, ಫೀಲ್ಡ್‌ವರ್ಕ್ ಗಂಟೆಗಳ ದಾಖಲೆ ಈಗಲೇ ತರಿಸಲು ಶುರುಮಾಡಿ. ಅಲ್ಲೇ ಇರುವ ತಮ್ಮನೋ ತಂಗಿಯೋ ಕಚೇರಿಗೆ ಎರಡು ಸಲ ಓಡಾಡಬೇಕಾಗಬಹುದು, ಮುಂಚೆಯೇ ಪೂಸಿ ಹೊಡೆದಿಟ್ಟುಕೊಳ್ಳಿ.